ಕಾವಲು ಗೋಪುರದ ಕೆಳಗೆ

ಬೆಂಗಳೂರಿನಲ್ಲಿ ಇವತ್ತು ಸರ್ಕಾರದ ಎದುರು ಧರಣಿ ಕೂರಬೇಕೆನ್ನುವವರಿಗೆ ಪೊಲೀಸರು ತೋರಿಸುವ ಜಾಗ ಒಂದೇ. ಅದು ಶೇಷಾದ್ರಿ ರಸ್ತೆಯ ಫ್ರೀಡಂ ಪಾರ್ಕ್. ಕಡತಗಳಲ್ಲಿ ಅದರ ಹೆಸರು ಸ್ವಾತಂತ್ರ್ಯ ಉದ್ಯಾನ. ಈ ಊರಿನಲ್ಲಿ ಬಹಳ ವರ್ಷ ಬಾಳಿದವರಿಗೆ ಮಾತ್ರ ಅದು ಇಂದಿಗೂ ಸೆಂಟ್ರಲ್ ಜೈಲು. ಮೆಜೆಸ್ಟಿಕ್ ಬಸ್ ನಿಲ್ದಾಣದಿಂದ ನಡೆದು ಹೋಗಬಹುದಾದಷ್ಟು ಹತ್ತಿರದಲ್ಲಿರುವ ಸುಮಾರು 21 ಎಕರೆಯ ಈ ಆವರಣ 130ಕ್ಕೂ ಹೆಚ್ಚು ವರ್ಷ ಜನರನ್ನು ಕೂಡಿಹಾಕಿತ್ತು. ಈಗ ಅದು ಜನರನ್ನು ಕರೆದು ಕೂರಿಸಿಕೊಳ್ಳುತ್ತಿದೆ. ಒಂದು ಕೆಲಸದಿಂದ ಇನ್ನೊಂದಕ್ಕೆ ಈ ಕಟ್ಟಡ ಹೇಗೆ ಬಂತು, ನಡುವೆ ಅಲ್ಲಿ ಏನೇನಾಯಿತು ಎಂಬುದನ್ನು ಬೆಂಗಳೂರಿನ ಮಕ್ಕಳಿಗೆ ಶಾಲೆಯಲ್ಲೇ ಹೇಳಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಏಕೆಂದರೆ ಈ ನಾಡಿನಲ್ಲಿ ಪ್ರಜೆಗೂ ಪ್ರಭುತ್ವಕ್ಕೂ ಇರುವ ಸಂಬಂಧ ಇಲ್ಲಿನ ಕಲ್ಲು ಗಾರೆಗಳಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಜೈಲು ಎದ್ದದ್ದು 1867ರಲ್ಲಿ. ಆಗ ಮೈಸೂರು ಸಂಸ್ಥಾನದ ಆಡಳಿತ ಒಡೆಯರ ಕೈಯಲ್ಲಿರಲಿಲ್ಲ. 1831ರಲ್ಲಿ ಅದನ್ನು ಕಿತ್ತುಕೊಂಡ ಬ್ರಿಟಿಷರು ಕಮಿಷನರುಗಳ ಮೂಲಕ ಆಳುತ್ತಿದ್ದರು. 1862ರಲ್ಲಿ ಕಮಿಷನರ್ ಆಗಿ ಬಂದ ಲೆವಿನ್ ಬೌರಿಂಗ್‌ಗೆ ಆಡಳಿತವೆಂದರೆ ಇಲಾಖೆ, ನಿಯಮ, ದಾಖಲೆ, ಕಟ್ಟಡ. ಅಟ್ಟಾರ ಕಚೇರಿಯ ಕೆಂಪು ಕಟ್ಟಡದ ಕೆಲಸ 1864ರಲ್ಲಿ ಶುರುವಾಗಿ 1868ರಲ್ಲಿ ಮುಗಿಯಿತು. ಅದರ ಬೆನ್ನಿಗೇ 1870ರಲ್ಲಿ ಕಬ್ಬನ್ ಪಾರ್ಕ್ ಬಂತು. 1864ರಲ್ಲೇ ಮದ್ರಾಸಿನ ಕಡೆಯಿಂದ ರೈಲು ದಂಡಿನ ಪ್ರದೇಶಕ್ಕೆ ತಲುಪಿತ್ತು. ಜೈಲು ಹುಟ್ಟಿದ್ದು ಈ ಸಾಲಿನಲ್ಲೇ. ಕಚೇರಿ, ರೈಲು, ತೋಟ, ಸೆರೆಮನೆ ಎಲ್ಲವೂ ಒಂದೇ ದಶಕದ ಕೂಸುಗಳು. ಈಗ ನಗರದ ನಟ್ಟನಡುವೆ ಇದೆ ಎನಿಸುವ ಆ ಜಾಗ ಆಗ ಪೇಟೆಯ ಹೊರಗಿತ್ತು. ಈಗಿನ ಬಸ್ ನಿಲ್ದಾಣದ ಜಾಗದಲ್ಲಿ ಧರ್ಮಾಂಬುಧಿ ಕೆರೆ ತುಂಬಿ ನಿಂತಿದ್ದ ಕಾಲ ಅದು.

ಈ ಜೈಲಿನ ವಿನ್ಯಾಸದ ಹಿಂದೆ ಒಂದು ಹಳೆಯ ಯೋಚನೆಯಿದೆ. ಇಂಗ್ಲೆಂಡಿನ ತತ್ತ್ವಜ್ಞಾನಿ ಜೆರೆಮಿ ಬೆಂಥಮ್ 18ನೇ ಶತಮಾನದ ಕೊನೆಯಲ್ಲಿ ಒಂದು ಆದರ್ಶ ಸೆರೆಮನೆಯ ನಕ್ಷೆಯನ್ನು ಮುಂದಿಟ್ಟಿದ್ದ. ಸುತ್ತ ಕೈದಿಗಳ ಕೋಣೆಗಳು, ನಡುವೆ ಒಂದು ಗೋಪುರ. ಗೋಪುರದಲ್ಲಿರುವವನಿಗೆ ಎಲ್ಲರೂ ಕಾಣಬೇಕು. ಅವನು ಯಾರಿಗೂ ಕಾಣಬಾರದು. ತನ್ನನ್ನು ಈಗ ನೋಡುತ್ತಿದ್ದಾರೋ ಇಲ್ಲವೋ ಎಂಬುದು ಗೊತ್ತಾಗದ ಕೈದಿ ಸದಾ ನೋಡುತ್ತಿದ್ದಾರೆಂದೇ ತಿಳಿದು ತನ್ನನ್ನು ತಾನೇ ಕಾಯ್ದುಕೊಳ್ಳುತ್ತಾನೆ ಎಂಬುದು ಬೆಂಥಮ್‌ನ ಲೆಕ್ಕ. ಆ ನಕ್ಷೆ ಅವನಂದುಕೊಂಡ ಹಾಗೆಯೇ ನಿರ್ಮಾಣವಾದದ್ದು ಕಡಿಮೆ. ಆದರೆ ಅದರ ಸಾರ ಬ್ರಿಟಿಷ್ ಸಾಮ್ರಾಜ್ಯ ಹೋದಲ್ಲೆಲ್ಲ ಹೋಯಿತು. ಬೆಂಗಳೂರಿನ ಜೈಲಿನಲ್ಲೂ ನಡುವೆ ಕಾವಲು ಗೋಪುರ, ಅದರ ಕಡೆಗೆ ಮುಖ ಮಾಡಿ ಸುತ್ತ ಹರಡಿದ ಉದ್ದನೆಯ ಬ್ಯಾರಕ್‌ಗಳು. ಗೋಪುರ ಹತ್ತಿದ ಒಬ್ಬ ಕಾವಲಿನವನಿಗೆ ಬ್ಯಾರಕ್‌ಗಳ ನಡುವಿನ ಅಂಗಳಗಳೆಲ್ಲ ನಿಚ್ಚಳ. ಅಂಡಮಾನಿನ ಸೆಲ್ಯುಲರ್ ಜೈಲೂ ಇದೇ ಜಾತಿಯದು. ಅದರ ಕೆಲಸ ಶುರುವಾದದ್ದು 1896ರಲ್ಲಿ. ಅಂದರೆ ನಮ್ಮ ಊರಿನ ಗೋಪುರ ಅದಕ್ಕಿಂತ ಸುಮಾರು ಮೂವತ್ತು ವರ್ಷ ಹಿರಿಯದು.

ಇಂಥ ಕಟ್ಟಡದಲ್ಲಿ ಎಲ್ಲ ಏರ್ಪಾಡೂ ಕಣ್ಣಿಗಾಗಿ. ಕೈದಿ ಕಾಣುತ್ತಿದ್ದರೆ ಸಾಕು. ಅವನ ಮಾತು ಯಾರ ಕಿವಿಗೂ ಬೀಳಬೇಕಿಲ್ಲ. ಗೋಪುರದ ಮೇಲಿನವನಿಗೆ ಕೈದಿ ಎದ್ದದ್ದು, ನಡೆದದ್ದು, ಗುಂಪು ಸೇರಿದ್ದು ತಿಳಿಯುತ್ತದೆ. ಕೈದಿಯ ಮೈಮೇಲಿನ ನೋವಾಗಲಿ ಮನಸ್ಸಿನ ದೂರಾಗಲಿ ಅಷ್ಟು ಎತ್ತರಕ್ಕೆ ಹತ್ತುವುದಿಲ್ಲ. ಈ ಜೈಲಿನ ಮುಂದಿನ ಕಥೆಯಲ್ಲಿ ನನ್ನನ್ನು ಕಾಡುವ ಪ್ರಶ್ನೆಯೂ ಇದೇ: ಇಲ್ಲಿ ಎದ್ದ ದನಿ ಯಾರಿಗೆ ಕೇಳಿಸಿತು?

1881ರಲ್ಲಿ ಸಂಸ್ಥಾನ ಒಡೆಯರಿಗೆ ಮರಳಿತು. ಜೈಲು ಮಾತ್ರ ಹಾಗೆಯೇ ಮುಂದುವರಿಯಿತು. ಆಳುವವರು ಬದಲಾದರೂ ಜೈಲಿನ ಕೆಲಸ ಬದಲಾಗುವುದಿಲ್ಲವಲ್ಲ. ಮುಂದೆ ಸ್ವಾತಂತ್ರ್ಯ ಚಳವಳಿ ಬಿಸಿಯಾದಂತೆ ಸಂಸ್ಥಾನದ ಜೈಲುಗಳಿಗೆ ಹೊಸ ಬಗೆಯ ಕೈದಿಗಳು ಬರತೊಡಗಿದರು. 1942ರ ಚಳವಳಿಯವರು ಬಂದರು. 1947ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಮೈಸೂರಿಗೆ ಜವಾಬ್ದಾರಿ ಸರ್ಕಾರ ಸಿಗದೆ ಮೈಸೂರು ಚಲೋ ಸತ್ಯಾಗ್ರಹ ನಡೆಯಬೇಕಾಯಿತು. ಆ ಸೆಪ್ಟೆಂಬರ್‌ನಲ್ಲಿ ಬಂಧಿತರಾದ ಕೆ.ಸಿ. ರೆಡ್ಡಿಯವರು ಅಕ್ಟೋಬರ್ ಮುಗಿಯುವಷ್ಟರಲ್ಲಿ ಸಂಸ್ಥಾನದ ಮೊದಲ ಮುಖ್ಯಮಂತ್ರಿ. ಕೈದಿಗೂ ಮಂತ್ರಿಗೂ ನಡುವಿನ ಗೆರೆ ಎಷ್ಟು ತೆಳುವಾದದ್ದು ಎಂಬುದು ಆ ತಲೆಮಾರಿನ ರಾಜಕಾರಣಿಗಳಿಗೆ ಮೈಯಾರೆ ಗೊತ್ತಿತ್ತು.

ಸೆಂಟ್ರಲ್ ಜೈಲು ಇಡೀ ದೇಶದ ಇತಿಹಾಸಕ್ಕೆ ಬಂದು ಸೇರಿದ್ದು 1975ರ ಜೂನ್ 26ರಂದು. ಹಿಂದಿನ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಯಾಗಿತ್ತು. ಪಕ್ಷಾಂತರ ತಡೆ ಮಸೂದೆಗಾಗಿ ರಚಿಸಿದ್ದ ಸಂಸತ್ತಿನ ಜಂಟಿ ಸಮಿತಿಯ ಸಭೆಗೆಂದು ಕೆಲವು ಸಂಸದರು ಬೆಂಗಳೂರಿಗೆ ಬಂದು ಶಾಸಕರ ಭವನದಲ್ಲಿ ಇಳಿದುಕೊಂಡಿದ್ದರು. ಅಟಲ್ ಬಿಹಾರಿ ವಾಜಪೇಯಿ, ಲಾಲ್ ಕೃಷ್ಣ ಅಡ್ವಾಣಿ, ಸಂಸ್ಥಾ ಕಾಂಗ್ರೆಸ್ಸಿನ ಶ್ಯಾಮನಂದನ ಮಿಶ್ರಾ, ಸಮಾಜವಾದಿ ಮಧು ದಂಡವತೆ ನಾಲ್ವರನ್ನೂ ಪೊಲೀಸರು ಅಲ್ಲಿಂದ ಕರೆದೊಯ್ದು ಸೆಂಟ್ರಲ್ ಜೈಲಿಗೆ ಸೇರಿಸಿದರು. ಆಂತರಿಕ ಭದ್ರತಾ ಕಾಯ್ದೆಯಾದ ಮೀಸಾದಡಿ ಬಂಧನವಾದರೆ ವಿಚಾರಣೆಯ ಮಾತೇ ಇರಲಿಲ್ಲ. ಮುಂದಿನ ತಿಂಗಳುಗಳಲ್ಲಿ ರಾಜ್ಯದ ರಾಮಕೃಷ್ಣ ಹೆಗಡೆ, ಎಚ್.ಡಿ. ದೇವೇಗೌಡ, ಕಾರ್ಮಿಕ ನಾಯಕ ಮೈಕಲ್ ಫರ್ನಾಂಡಿಸ್ ಮೊದಲಾದವರೂ ಒಳಗೆ ಸೇರಿದರು. ಈ ಒಂದೇ ಗೋಡೆಯ ಒಳಗೆ ಮುಂದಿನ ಇಬ್ಬರು ಪ್ರಧಾನಿಗಳಿದ್ದರು. ಜನಸಂಘ, ಸಮಾಜವಾದಿಗಳು, ಸಂಸ್ಥಾ ಕಾಂಗ್ರೆಸ್ ಹೀಗೆ ಹೊರಗೆ ಒಬ್ಬರಿಗೊಬ್ಬರು ಆಗಿಬಾರದವರು ಒಳಗೆ ಒಟ್ಟಿಗೆ ಕೂತು ಉಂಡರು, ವಾದಿಸಿದರು, ಓದಿದರು. ವಾಜಪೇಯಿ ಜೈಲಿನಲ್ಲಿ ಕುಂಡಲಿ ಛಂದಸ್ಸಿನ ಪದ್ಯಗಳನ್ನು ಬರೆದರು, ಅಡ್ವಾಣಿ ಟಿಪ್ಪಣಿ ಬರೆದಿಟ್ಟರು. 1977ರ ಜನತಾ ಪಕ್ಷ ಹುಟ್ಟಿದ ಜಾಗಗಳಲ್ಲಿ ಇದೂ ಒಂದು ಎಂದರೆ ಉತ್ಪ್ರೇಕ್ಷೆಯಲ್ಲ.

ಬಂಧಿತ ಸಂಸದರು ಹೈಕೋರ್ಟಿನ ಮೊರೆಹೋದರು. ಒಂದೇ ದಶಕದಲ್ಲಿ ಹುಟ್ಟಿದ ಎರಡು ಕಟ್ಟಡಗಳು, ಅಂದರೆ ಸೆಂಟ್ರಲ್ ಜೈಲು ಮತ್ತು ಅಷ್ಟರಲ್ಲಿ ಹೈಕೋರ್ಟ್ ಆಗಿದ್ದ ಅಟ್ಟಾರ ಕಚೇರಿ, ಈಗ ಎದುರು ಬದುರಾದವು. ಬಂಧನ ಕಾನೂನುಬದ್ಧವೇ ಎಂದು ಕೇಳುವ ಹಕ್ಕು ತುರ್ತು ಪರಿಸ್ಥಿತಿಯಲ್ಲೂ ಇದೆಯೇ ಎಂಬುದೇ ಪ್ರಶ್ನೆ. ಇದೆ ಎಂದು ದೇಶದ ಹಲವು ಹೈಕೋರ್ಟುಗಳು ಹೇಳಿದವು. ಕರ್ನಾಟಕದ ಹೈಕೋರ್ಟೂ ಅವುಗಳಲ್ಲಿ ಒಂದು. ಈ ಪ್ರಕರಣದಲ್ಲಿ ಬಂಧಿತರ ಪರ ದುಡಿದ ಬೆಂಗಳೂರಿನ ವಕೀಲ ಎಂ. ರಾಮಾ ಜೋಯಿಸ್ ಅವರನ್ನೂ ಸರ್ಕಾರ ಹಿಡಿದು ಅದೇ ಜೈಲಿಗೆ ಹಾಕಿತು. ವಾದ ಸುಪ್ರೀಂ ಕೋರ್ಟಿಗೆ ಹೋಯಿತು. 1976ರ ಏಪ್ರಿಲ್ 28ರಂದು ಐವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ನಾಲ್ವರ ಪ್ರಕಾರ ಆ ಹಕ್ಕು ಇಲ್ಲ. ಇದೆ ಎಂದವರು ಎಚ್.ಆರ್. ಖನ್ನಾ ಒಬ್ಬರೇ. ಅಂದಿನಿಂದ ದೇಶದಲ್ಲಿ ಯಾರನ್ನು ಹಿಡಿದರೂ ಏಕೆ ಹಿಡಿದಿರಿ ಎಂದು ಕೇಳುವ ಬಾಗಿಲು ಮುಚ್ಚಿತು. ಈ ತೀರ್ಪನ್ನು ಸುಪ್ರೀಂ ಕೋರ್ಟ್ ಮುಚ್ಚುಮರೆಯಿಲ್ಲದೆ ತಳ್ಳಿಹಾಕಿದ್ದು 2017ರ ಆಗಸ್ಟ್‌ನಲ್ಲಿ, ಖಾಸಗಿತನದ ಹಕ್ಕಿನ ಪ್ರಕರಣದಲ್ಲಿ. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಲವತ್ತೊಂದು ವರ್ಷ ಬೇಕಾಯಿತು.

1976ರ ಏಪ್ರಿಲ್ 28ರ ತೀರ್ಪು ಬಂದು ನಾಲ್ಕೇ ದಿನಕ್ಕೆ, ಮೇ 2ರಂದು, ಸ್ನೇಹಲತಾ ರೆಡ್ಡಿಯವರ ಬಂಧನವಾಯಿತು.

ಕನ್ನಡಿಗರಿಗೆ ಸ್ನೇಹಲತಾ ಎಂದರೆ 'ಸಂಸ್ಕಾರ'ದ ಚಂದ್ರಿ. ಯು.ಆರ್. ಅನಂತಮೂರ್ತಿಯವರ ಕಾದಂಬರಿಯನ್ನು 1970ರಲ್ಲಿ ತೆರೆಗೆ ತಂದವರು ಸ್ನೇಹಲತಾರ ಪತಿ ಪಟ್ಟಾಭಿರಾಮ ರೆಡ್ಡಿ. ಗಿರೀಶ ಕಾರ್ನಾಡ್ ಪ್ರಾಣೇಶಾಚಾರ್ಯ, ಪಿ. ಲಂಕೇಶ್ ನಾರಣಪ್ಪ. ಮೊದಲು ಸೆನ್ಸಾರಿನವರು ತಡೆದ ಆ ಚಿತ್ರ ಕೊನೆಗೆ ದೇಶದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ರಂಗಭೂಮಿಯಲ್ಲೂ ಪಳಗಿದ ಸ್ನೇಹಲತಾ ಸಮಾಜವಾದಿ ಗೆಳೆಯರ ಬಳಗದವರು, ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸರ ಆಪ್ತರು. ಭೂಗತರಾಗಿದ್ದ ಜಾರ್ಜ್‌ಗಾಗಿ ಪೊಲೀಸರು ಹುಡುಕುತ್ತಿದ್ದ ದಿನಗಳವು. ಅವರ ತಮ್ಮ ಲಾರೆನ್ಸ್‌ರನ್ನು ಬೆಂಗಳೂರಿನ ಪೊಲೀಸರು ಹಿಡಿದು ಹಿಂಸಿಸಿ, ನಡೆಯಲಾಗದ ಸ್ಥಿತಿಯಲ್ಲಿ ಇದೇ ಜೈಲಿಗೆ ತಂದರು. ಸರ್ಕಾರದ ವಿರುದ್ಧ ಸ್ಫೋಟಕ್ಕೆ ಸಂಚು ಹೂಡಿದ ಆರೋಪದ ಬರೋಡಾ ಡೈನಮೈಟ್ ಪ್ರಕರಣದ ನೆಪ ಹೇಳಿ ಸ್ನೇಹಲತಾರನ್ನೂ ಕರೆದೊಯ್ದರು. ಆ ಪ್ರಕರಣದ ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ಮೀಸಾ ಕಾಯ್ದೆಯಡಿ ಎಂಟು ತಿಂಗಳು ಒಳಗಿಟ್ಟರು.

ಅವರಿಗೆ ತೀವ್ರ ಉಬ್ಬಸವಿತ್ತು. ಒಂಟಿ ಕೋಣೆಯಲ್ಲಿಟ್ಟರು. ಸರಿಯಾದ ಔಷಧ, ಸರಿಯಾದ ವೇಳೆಗೆ ಸಿಗಲಿಲ್ಲ. ಉಬ್ಬಸ ಬಂದವರನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು: ರಾತ್ರಿ ಹೊತ್ತು ಅದು ಜಾಸ್ತಿ. ಮಲಗಿದರೆ ಎದೆ ಬಿಗಿಯುತ್ತದೆ, ಎದ್ದು ಕೂತು ಮುಂದಕ್ಕೆ ಬಾಗಿ ಉಸಿರೆಳೆಯಬೇಕು. ಕಿಟಕಿ ತೆರೆದು ಗಾಳಿ ಬರಲೆಂದು ಹಂಬಲಿಸುತ್ತಾರೆ, ಪಕ್ಕದಲ್ಲಿ ಯಾರಾದರೂ ಬೆನ್ನು ನೀವಬೇಕೆಂದು ಬಯಸುತ್ತಾರೆ. ಸಂಜೆಯಾದರೆ ಬೀಗ ಬೀಳುವ ಕೋಣೆಯಲ್ಲಿ ಇದೊಂದೂ ಇಲ್ಲ. ಅಂಥ ರಾತ್ರಿಗಳಲ್ಲಿ ಅವರು ನರಳಿ ಕೂಗುತ್ತಿದ್ದದ್ದು ತಮಗೆ ಕೇಳಿಸುತ್ತಿತ್ತು ಎಂದು ಮಧು ದಂಡವತೆ ಮುಂದೆ ಬರೆದಿದ್ದಾರೆ. ಅಷ್ಟೆಲ್ಲ ಲೆಕ್ಕ ಹಾಕಿ, ಎಲ್ಲರ ಮೇಲೂ ಕಣ್ಣಿಡಲೆಂದು ಕಟ್ಟಿದ ಜೈಲಿನಲ್ಲಿ ಒಬ್ಬ ಹೆಂಗಸಿನ ಉಸಿರು ಕಟ್ಟುತ್ತಿದ್ದುದು ಗೋಪುರಕ್ಕೆ ತಿಳಿಯಲಿಲ್ಲ. ಕೇಳಿಸಿಕೊಂಡವರು ಅವರಂತೆಯೇ ಬೀಗದ ಒಳಗಿದ್ದ ಇನ್ನೊಬ್ಬ ಕೈದಿ. ಎದ್ದು ಹೋಗಿ ನೋಡುವಂತಿಲ್ಲ, ನೀರು ಕೊಡುವಂತಿಲ್ಲ.

ಸ್ನೇಹಲತಾ ಬರೀ ನರಳುತ್ತ ಕೂರಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಜೈಲಿನಲ್ಲಿ ಅವರು ದಿನಚರಿ ಬರೆದರು. ಅದು 1977ರಲ್ಲಿ ಪುಸ್ತಕವಾಗಿ ಬಂತು. ಹೆಸರಿಲ್ಲದ, ವಕೀಲರಿಲ್ಲದ, ಯಾರೂ ನೋಡಲು ಬಾರದ ಬಡ ಹೆಣ್ಣು ಕೈದಿಗಳ ಜೊತೆ ಅವರು ಬೆರೆತರು. ಆ ಹೆಂಗಸರನ್ನು ಹೊಡೆಯುವುದರ ವಿರುದ್ಧ, ಒಳಗೆ ಬಂದಾಗ ಬೆತ್ತಲೆ ಮಾಡಿ ಅವಮಾನಿಸುವುದರ ವಿರುದ್ಧ, ತಿನ್ನಲಾಗದ ಊಟದ ವಿರುದ್ಧ ಜಗಳವಾಡಿದರು. ತುರ್ತು ಪರಿಸ್ಥಿತಿಯ ಕೈದಿಗಳೆಂದರೆ ನಮಗೆ ದೊಡ್ಡ ನಾಯಕರ ಹೆಸರುಗಳೇ ನೆನಪಾಗುತ್ತವೆ. ಮುಂದೆ ಅವರಿಗೆ ಅಧಿಕಾರ ಬಂತು, ಆತ್ಮಕಥೆಗಳು ಬಂದವು. ಅದೇ ಜೈಲಿನಲ್ಲಿ ತುರ್ತು ಪರಿಸ್ಥಿತಿಗೂ ಮೊದಲಿನಿಂದ ಇದ್ದು, ಅದು ಮುಗಿದ ಮೇಲೂ ಉಳಿದುಕೊಂಡ ಹೆಣ್ಣುಮಕ್ಕಳ ಮಾತು ಹೊರಗೆ ಬಂದದ್ದು ಈ ನಟಿಯ ದಿನಚರಿಯಿಂದ.

ಆರೋಗ್ಯ ಕೈಮೀರಿದ ಮೇಲೆ 1977ರ ಜನವರಿ 15ರಂದು ಅವರನ್ನು ಪೆರೋಲ್ ಮೇಲೆ ಬಿಟ್ಟರು. ಜನವರಿ 18ರಂದು ಇಂದಿರಾ ಗಾಂಧಿ ಲೋಕಸಭೆ ಚುನಾವಣೆ ಘೋಷಿಸಿದರು. ಜೈಲುಗಳ ಬಾಗಿಲು ತೆರೆಯತೊಡಗಿತು. 20ರಂದು ಸ್ನೇಹಲತಾ ತೀರಿಕೊಂಡರು. ಅವರ ಮೇಲೆ ಒಂದು ಆರೋಪವೂ ಸಾಬೀತಾಗಲಿಲ್ಲ. ಸಾಬೀತುಪಡಿಸುವ ಪ್ರಯತ್ನವೂ ನಡೆಯಲಿಲ್ಲ. ಈ ರಾಜ್ಯದಲ್ಲಿ ತುರ್ತು ಪರಿಸ್ಥಿತಿಯ ಬಗ್ಗೆ ಪ್ರತಿ ಜೂನ್‌ನಲ್ಲೂ ಭಾಷಣಗಳಾಗುತ್ತವೆ. ನಮ್ಮದೇ ಊರಿನ ಜೈಲಿನಲ್ಲಿ ಜೀವ ಸವೆಸಿದ ನಮ್ಮದೇ ಚಿತ್ರರಂಗದ ಈ ಕಲಾವಿದೆಗೆ ಆ ಭಾಷಣಗಳಲ್ಲಿ ಸಿಗುವ ಜಾಗ ಬಹಳ ಸಣ್ಣದು. ಇದು ನನಗೆ ನುಂಗಲಾಗದ ಸಂಗತಿ.

ಆಮೇಲಿನ ಎರಡು ದಶಕದಲ್ಲಿ ನಗರ ಜೈಲಿನ ಸುತ್ತ ಬೆಳೆದು ನಿಂತಿತು. ಕೈದಿಗಳ ಸಂಖ್ಯೆಯೂ ಬೆಳೆಯಿತು. 2000ದ ಹೊತ್ತಿಗೆ ಸೆಂಟ್ರಲ್ ಜೈಲು ಪರಪ್ಪನ ಅಗ್ರಹಾರಕ್ಕೆ ಹೋಯಿತು. ಗಾಂಧಿನಗರದ ಮಗ್ಗುಲಲ್ಲಿ ಖಾಲಿಯಾದ ಇಂಥ ಜಾಗಕ್ಕೆ ಎಂಥ ಬೆಲೆ ಎಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆ ಜಾಗ ಮಾರಾಟವಾಗದೆ ಜನರಿಗೆ ಉಳಿದದ್ದು ಬೆಂಗಳೂರಿನ ಇತ್ತೀಚಿನ ಇತಿಹಾಸದ ಒಳ್ಳೆಯ ತೀರ್ಮಾನಗಳಲ್ಲಿ ಒಂದು. ವಿನ್ಯಾಸಕ್ಕಾಗಿ ಸ್ಪರ್ಧೆ ನಡೆದು, ಬೆಂಗಳೂರಿನ ವಾಸ್ತುಶಿಲ್ಪಿಗಳಾದ ಸೌಮಿತ್ರೊ ಘೋಷ್ ಮತ್ತು ನಿಶಾ ಮ್ಯಾಥ್ಯೂ ಘೋಷ್ ಅವರ ನಕ್ಷೆ ಆಯ್ಕೆಯಾಯಿತು. ಎಲ್ಲವನ್ನೂ ನೆಲಸಮ ಮಾಡಿ ಹುಲ್ಲುಹಾಸು ಹಾಕುವ ಸುಲಭದ ದಾರಿ ಅವರು ಹಿಡಿಯಲಿಲ್ಲ. ಕಾವಲು ಗೋಪುರ ಉಳಿಯಿತು, ಕೋಣೆಗಳಿರುವ ಬ್ಯಾರಕ್ ಉಳಿಯಿತು, ಹಳೆಯ ಗೋಡೆಗಳ ಭಾಗಗಳು ಉಳಿದವು. ಜೈಲಿನ ಮೂಲ ನಕ್ಷೆ ನೆಲದ ಮೇಲೆ ಈಗಲೂ ಓದಲು ಸಿಗುತ್ತದೆ. ಗೋಪುರದ ಬುಡದಲ್ಲಿ ನಿಂತು ಸುತ್ತ ಒಮ್ಮೆ ತಿರುಗಿದರೆ ಸಾಕು, ಬೆಂಥಮ್‌ನ ಲೆಕ್ಕಾಚಾರ ಯಾವ ಪುಸ್ತಕವೂ ಬೇಡದೆ ಅರ್ಥವಾಗುತ್ತದೆ. ಸಭೆ, ಪ್ರತಿಭಟನೆಗಳಿಗೆಂದೇ ಒಂದು ಭಾಗವನ್ನು ಮೊದಲ ನಕ್ಷೆಯಲ್ಲೇ ಬಿಟ್ಟಿದ್ದರು. 2008ರಲ್ಲಿ ಪಾರ್ಕ್ ತೆರೆಯಿತು. ಮೂರು ವರ್ಷದಲ್ಲಿ, 2011ರ ಆಗಸ್ಟ್‌ನಲ್ಲಿ, ಅಣ್ಣಾ ಹಜಾರೆ ಚಳವಳಿಯ ಬೆಂಗಳೂರು ಕೇಂದ್ರ ಅದೇ ಆಯಿತು. ಕೆಲಸ ಮುಗಿಸಿ ಬಂದ ಸಾಫ್ಟ್‌ವೇರಿನವರು, ನಿವೃತ್ತ ನೌಕರರು, ಕಾಲೇಜು ಹುಡುಗರು ಅಲ್ಲಿ ಸೇರಿದರು. ಧರಣಿಗೆ ಫ್ರೀಡಂ ಪಾರ್ಕ್ ಎಂಬ ಮಾತು ಊರಿನ ಬಾಯಿಗೆ ಆಗ ಹತ್ತಿತು.

ಅಲ್ಲಿಯವರೆಗಿನದು ಜನರ ಆಯ್ಕೆ. ಮುಂದೆ ಅದು ನಿಯಮವಾಯಿತು. ಬೆಂಗಳೂರಿನ ಚಳವಳಿಗಳಿಗೆ ಮೊದಲು ಹಲವು ಅಂಗಳಗಳಿದ್ದವು. ಟೌನ್‌ಹಾಲ್ ಮೆಟ್ಟಿಲು, ಮೈಸೂರು ಬ್ಯಾಂಕ್ ವೃತ್ತ, ಮೌರ್ಯ ವೃತ್ತದ ಗಾಂಧಿ ಪ್ರತಿಮೆ. 1993ರ ಅಕ್ಟೋಬರ್ 2ರಂದು ಬೀಜ ಸತ್ಯಾಗ್ರಹಕ್ಕೆ ಬಂದ ರೈತರ ಹಸಿರು ಶಾಲು ಕಬ್ಬನ್ ಪಾರ್ಕನ್ನೇ ತುಂಬಿತ್ತು. 2017ರಲ್ಲಿ ಗೌರಿ ಲಂಕೇಶ್ ಹತ್ಯೆ ಖಂಡಿಸಿದ ಮೆರವಣಿಗೆ ಸಿಟಿ ರೈಲು ನಿಲ್ದಾಣದಿಂದ ಸೆಂಟ್ರಲ್ ಕಾಲೇಜು ಮೈದಾನದವರೆಗೆ ನಡೆದೇ ಬಂತು. ಇವುಗಳಿಂದ ಸಂಚಾರ ಕಟ್ಟುತ್ತದೆ, ಆಂಬುಲೆನ್ಸ್ ಸಿಕ್ಕಿಹಾಕಿಕೊಳ್ಳುತ್ತದೆ, ದುಡಿದು ತಿನ್ನುವವರ ದಿನ ಹಾಳಾಗುತ್ತದೆ ಎಂಬ ದೂರು ಜೋರಾಯಿತು. 2021ರಲ್ಲಿ ಹೈಕೋರ್ಟ್ ತಾನಾಗಿಯೇ ಈ ವಿಷಯವನ್ನು ಕೈಗೆತ್ತಿಕೊಂಡಿತು. ಅದೇ ವರ್ಷ ಪ್ರತಿಭಟನೆ, ಮೆರವಣಿಗೆಗಳ ಪರವಾನಗಿ ಮತ್ತು ನಿಯಂತ್ರಣದ ಆದೇಶ ಹೊರಬಿತ್ತು. ಧರಣಿ ಏನಿದ್ದರೂ ಫ್ರೀಡಂ ಪಾರ್ಕಿನಲ್ಲಿ, ಅದೂ ಅನುಮತಿ ಪಡೆದು.

ಸಂಚಾರದ ದೂರನ್ನು ತಳ್ಳಿಹಾಕುವವನು ನಾನಲ್ಲ. ಈ ಊರಿನ ರಸ್ತೆಗಳಲ್ಲಿ ಒಂದು ಗಂಟೆ ತಡವಾದರೆ ಆಸ್ಪತ್ರೆಗೆ ಹೊರಟವರಿಗೆ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಫ್ರೀಡಂ ಪಾರ್ಕಿಗೆ ಅದರದೇ ಅನುಕೂಲಗಳೂ ಇವೆ. ಬೀದರ್, ಕಲಬುರಗಿ, ರಾಯಚೂರಿನಿಂದ ರಾತ್ರಿ ರೈಲು ಹತ್ತಿ ಬರುವವರಿಗೆ ಅದು ನಿಲ್ದಾಣದಿಂದ ನಡೆದು ಸೇರಬಹುದಾದ ಜಾಗ. ಊರು ಗೊತ್ತಿಲ್ಲದವರೂ ದಾರಿ ತಪ್ಪುವುದಿಲ್ಲ. ಲಾಠಿಯ ಭಯವಿಲ್ಲದೆ ಕೂರಬಹುದು.

2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಅಲ್ಲಿ ಹಗಲು ರಾತ್ರಿ ಕೂತರಲ್ಲ, ಆ ದಿನಗಳ ಗುಲಾಬಿ ಸೀರೆಗಳ ಸಮುದ್ರವನ್ನು ಪತ್ರಿಕೆಗಳಲ್ಲಿ ಎಲ್ಲರೂ ನೋಡಿದ್ದಾರೆ. ಆದರೆ ಇಂಥ ಧರಣಿಯ ನಿಜವಾದ ರೂಪ ಚಿತ್ರದಲ್ಲಿ ಸಿಗುವುದಿಲ್ಲ. ಬೆಳಿಗ್ಗೆ ಆರಕ್ಕೇ ಶೌಚಾಲಯದ ಮುಂದೆ ಸಾಲು. ನೆಲಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮನೆಯಿಂದ ತಂದ ಚಾದರ, ತಲೆಗೆ ಬಟ್ಟೆಯ ಚೀಲ. ಊರಿನಿಂದ ಕಟ್ಟಿ ತಂದ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಎರಡನೇ ದಿನಕ್ಕೆ ಮುಗಿಯುತ್ತದೆ. ಮಗುವಿಗೆ ಜ್ವರವಂತೆ ಎಂದು ಫೋನು ಬಂದವರನ್ನು ಪಕ್ಕದವರು ಸಮಾಧಾನ ಮಾಡುತ್ತಾರೆ. ಮೊಬೈಲ್ ಚಾರ್ಜ್ ಮಾಡಿಕೊಳ್ಳಲು ಒಂದು ಪ್ಲಗ್ ಹುಡುಕಿಕೊಂಡು ಇನ್ಯಾರೋ ಓಡುತ್ತಾರೆ. ಜನವರಿಯ ಬೆಂಗಳೂರಿನ ರಾತ್ರಿಯ ಚಳಿ ಕಲ್ಯಾಣ ಕರ್ನಾಟಕದ ಬಿಸಿಲಿಗೆ ಒಗ್ಗಿದ ಮೈಗೆ ಸುಲಭವಲ್ಲ. ಹಳ್ಳಿಯ ಬಸುರಿಯನ್ನು ಆಸ್ಪತ್ರೆ ಮುಟ್ಟಿಸುವವರು, ಕೋವಿಡ್ ಕಾಲದಲ್ಲಿ ಮನೆಮನೆ ಸುತ್ತಿದವರು ಇವರೇ. ನಾಲ್ಕನೇ ದಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ತಿಂಗಳಿಗೆ ಕನಿಷ್ಠ 10,000 ರೂಪಾಯಿ ಸಿಗುವಂತೆ ಮಾಡುವ ಭರವಸೆ ಕೊಟ್ಟರು, ಧರಣಿ ನಿಂತಿತು. ಆ ಮಾತು ಆದೇಶವಾಗಲಿಲ್ಲವೆಂದು ಅದೇ ವರ್ಷ ಅವರು ಮತ್ತೆ ಬರಬೇಕಾಯಿತು.

ದನಿ ಎಲ್ಲಿ ಕೇಳಿಸುತ್ತದೆ ಎಂಬ ಪ್ರಶ್ನೆ ಇಲ್ಲಿ ಮತ್ತೆ ಎದುರಾಗುತ್ತದೆ. ಮೆರವಣಿಗೆಯಲ್ಲಿ ಹೋಗುವವರು ಸರ್ಕಾರಕ್ಕೆ ಮಾತ್ರ ಹೇಳುತ್ತಿರುವುದಿಲ್ಲ. ದಾರಿಬದಿಯ ಅಂಗಡಿಯವನಿಗೆ, ಬಸ್ಸಿನ ಕಿಟಕಿಯಿಂದ ಇಣುಕುವವಳಿಗೆ, ಇವರೆಲ್ಲ ಯಾರು, ಏನಂತೆ ಇವರ ಕಷ್ಟ ಎಂದು ಕೇಳುವ ಶಾಲೆಯ ಹುಡುಗನಿಗೆ ಹೇಳುತ್ತಿರುತ್ತಾರೆ. ಕಾಂಪೌಂಡಿನ ಒಳಗೆ ಕೂತವರಿಗೆ ಆ ಕೇಳುಗರಿಲ್ಲ. ಒಳಗೆ ಅವರಿದ್ದಾರೆ, ಬಂದೋಬಸ್ತಿನ ಪೊಲೀಸರಿದ್ದಾರೆ, ಕ್ಯಾಮೆರಾಗಳಿವೆ. ವಿಧಾನಸೌಧ ಎರಡು ಕಿಲೋಮೀಟರಿನೊಳಗೇ ಇದೆ. ಅಲ್ಲಿಂದ ಒಬ್ಬ ಅಧಿಕಾರಿ ಬಂದು ಮನವಿ ಪತ್ರ ತೆಗೆದುಕೊಳ್ಳುವುದಕ್ಕೆ ಕೆಲವೊಮ್ಮೆ ದಿನಗಟ್ಟಲೆ ಕಾಯಬೇಕು. ಟಿ.ವಿ.ಯವರು ಬಂದರೆ ಸರಿ, ಬಾರದಿದ್ದರೆ ಹೊರಗಿನ ಊರಿಗೆ ಸುದ್ದಿಯೇ ಇಲ್ಲ.

2016ರ ಏಪ್ರಿಲ್‌ನಲ್ಲಿ ನಡೆದದ್ದನ್ನು ನೆನೆದರೆ ಅಂತರ ತಿಳಿಯುತ್ತದೆ. ಭವಿಷ್ಯನಿಧಿ ಹಣ ತೆಗೆಯುವುದಕ್ಕೆ ಕೇಂದ್ರ ಹೊಸ ನಿರ್ಬಂಧ ತಂದಾಗ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳ ಹೆಣ್ಣುಮಕ್ಕಳು ಯಾವ ಅನುಮತಿಯನ್ನೂ ಕೇಳದೆ, ಯಾವ ನಾಯಕರಿಗೂ ಕಾಯದೆ ಹೊಸೂರು ರಸ್ತೆಗೆ, ಪೀಣ್ಯದ ಕಡೆಯ ಹೆದ್ದಾರಿಗೆ ಇಳಿದರು. ಎರಡೇ ದಿನಕ್ಕೆ ಕೇಂದ್ರ ಆ ನಿಯಮ ಹಿಂತೆಗೆದುಕೊಂಡಿತು. ಬಸ್ಸುಗಳು ಸುಟ್ಟವು, ಲಾಠಿ ಪ್ರಹಾರವಾಯಿತು, ಅದನ್ನು ಯಾರೂ ಮೆಚ್ಚಲಾಗದು. ಆದರೆ ಆ ಹೆಣ್ಣುಮಕ್ಕಳು ನಿಗದಿತ ಅಂಗಳವೊಂದರಲ್ಲಿ ಅಚ್ಚುಕಟ್ಟಾಗಿ ಕೂತಿದ್ದರೆ ಅಷ್ಟು ಬೇಗ ಯಾರಾದರೂ ತಿರುಗಿ ನೋಡುತ್ತಿದ್ದರೇ? ಶಾಂತವಾಗಿ ಕೂತವರ ಮಾತು ಕೇಳಿಸದಿದ್ದರೆ, ಕೂಗಿದರೆ ಮಾತ್ರ ಕೇಳಿಸುತ್ತದೆ ಎಂಬ ಪಾಠವನ್ನು ಸರ್ಕಾರವೇ ಜನರಿಗೆ ಕಲಿಸಿದಂತಾಗುತ್ತದೆ.

ದೆಹಲಿಯಲ್ಲೂ ಹೀಗೊಂದು ಪ್ರಶ್ನೆ ಎದ್ದಿತ್ತು. 2017ರಲ್ಲಿ ಜಂತರ್ ಮಂತರ್ ಬಳಿ ಧರಣಿಗೆ ಹಸಿರು ನ್ಯಾಯಮಂಡಳಿ ತಡೆ ಹಾಕಿತು. 2018ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ಸಂಪೂರ್ಣ ನಿಷೇಧ ಸಲ್ಲದು, ನಿವಾಸಿಗಳ ನೆಮ್ಮದಿಯನ್ನೂ ಪ್ರತಿಭಟಿಸುವವರ ಹಕ್ಕನ್ನೂ ಹೊಂದಿಸುವ ಮಾರ್ಗಸೂಚಿ ಮಾಡಿ ಎಂದು ಪೊಲೀಸರಿಗೆ ಹೇಳಿತು. ಶಾಂತಿಯುತವಾಗಿ, ನಿರಾಯುಧರಾಗಿ ಸೇರುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಅದಕ್ಕೆ ನ್ಯಾಯಯುತ ಮಿತಿ ಇರಬಹುದು. ಒಂದೂವರೆ ಕೋಟಿಯ ಆಸುಪಾಸಿನ ಜನರಿರುವ ಊರಿಗೆ ಒಂದೇ ಅಂಗಳ ಎಂಬುದು ನ್ಯಾಯಯುತ ಮಿತಿಯೆಂದು ನನಗೆ ತೋರುವುದಿಲ್ಲ. ವಾರದ ರಜೆಯ ದಿನ, ಗೊತ್ತುಪಡಿಸಿದ ದಾರಿಯಲ್ಲಿ, ರಸ್ತೆಯ ಒಂದು ಬದಿಯಲ್ಲಿ ಮೆರವಣಿಗೆಗೆ ಅವಕಾಶ ಕೊಡಬಹುದು. ಮ್ಯಾರಥಾನ್ ಓಟಕ್ಕೆ ನಗರದ ನಡುವಿನ ರಸ್ತೆಗಳನ್ನು ಬಿಟ್ಟುಕೊಡಲು ನಮ್ಮ ಪೊಲೀಸರಿಗೆ ಚೆನ್ನಾಗಿ ಬರುತ್ತದೆ.

ಪಾರ್ಕಿನ ಒಳಗೂ ಮಾಡಬೇಕಾದದ್ದಿದೆ. ಪಕ್ಕದಲ್ಲೇ ಬಹುಮಹಡಿ ವಾಹನ ನಿಲುಗಡೆ ಕಟ್ಟಡ 2024ರಲ್ಲಿ ತೆರೆಯಿತು. ಗಾಂಧಿನಗರಕ್ಕೆ ಅದು ಬೇಕಿತ್ತು. ಅಷ್ಟೇ ಆಸ್ಥೆ ಜೈಲಿನ ಉಳಿದ ಭಾಗದ ಮೇಲೂ ಬೇಕು. ಬ್ಯಾರಕ್ಕಿನ ಕೋಣೆಗಳಲ್ಲಿ ಯಾರಿದ್ದರು, ಯಾವ ಕಾಯ್ದೆಯಡಿ ಇದ್ದರು, ಎಷ್ಟು ದಿನ ಇದ್ದರು ಎಂಬುದನ್ನು ಕನ್ನಡದಲ್ಲಿ, ಹತ್ತನೇ ತರಗತಿಯ ಮಗು ನಿಂತು ಓದುವಂತೆ ಬರೆದು ಹಾಕಬೇಕು. ಜೈಲಿನ ಹಳೆಯ ದಾಖಲೆಗಳನ್ನು ರಾಜ್ಯ ಪತ್ರಾಗಾರಕ್ಕೆ ತಂದು ಓದುಗರಿಗೆ ತೆರೆಯಬೇಕು. ಹೆಣ್ಣುಮಕ್ಕಳನ್ನು ಇಟ್ಟಿದ್ದ ಭಾಗ ಯಾವುದೆಂದು ಗುರುತಿಸಿ ಅಲ್ಲಿ ಸ್ನೇಹಲತಾ ರೆಡ್ಡಿಯವರ ಹೆಸರಿಡಬೇಕು. ಅವರು ಯಾರಿಗಾಗಿ ಜಗಳವಾಡಿದರೋ ಆ ಕೈದಿಗಳ ಬಗ್ಗೆಯೂ ನಾಲ್ಕು ಸಾಲು ಅಲ್ಲಿರಬೇಕು.

ಧರಣಿ ಕೂತವರಿಗೆ ಬೇಕಾದದ್ದು ಇನ್ನೂ ಸರಳ. ಕುಡಿಯುವ ನೀರು, ನೆರಳು, ಹೆಂಗಸರಿಗೆ ಸಾಕಾಗುವಷ್ಟು ಶುಚಿಯಾದ ಶೌಚಾಲಯಗಳು, ರಾತ್ರಿ ಬೆಳಕು, ಒಬ್ಬ ವೈದ್ಯರು. ಇವುಗಳ ಜೊತೆಗೆ ಒಂದು ಸಣ್ಣ ಕಚೇರಿ. ಧರಣಿ ಶುರುವಾದ 24 ಗಂಟೆಯೊಳಗೆ ಸಂಬಂಧಪಟ್ಟ ಇಲಾಖೆಯ ಹೊಣೆಯುಳ್ಳ ಅಧಿಕಾರಿ ಅಲ್ಲಿಗೆ ಬರಬೇಕು. ಮನವಿ ಪತ್ರ ತೆಗೆದುಕೊಂಡು ರಸೀದಿ ಕೊಡಬೇಕು, ಏನು ಕ್ರಮ ಕೈಗೊಂಡರೆಂದು ಗೊತ್ತುಪಡಿಸಿದ ದಿನದೊಳಗೆ ಲಿಖಿತ ಉತ್ತರ ಕೊಡಬೇಕು. ಬೇರೆಲ್ಲೂ ಕೂರಬೇಡಿ, ಇಲ್ಲೇ ಕೂರಿ ಎಂದು ಜನರಿಗೆ ಹೇಳಿದ ಸರ್ಕಾರ ಅಲ್ಲಿಗೆ ಬಂದು ಕೇಳಿಸಿಕೊಳ್ಳುವ ಹೊಣೆಯನ್ನೂ ಹೊರಬೇಕು. ಇದಕ್ಕೆ ಹೊಸ ಶಾಸನ ಬೇಕಿಲ್ಲ, 2021ರ ಆದೇಶಕ್ಕೆ ಒಂದು ತಿದ್ದುಪಡಿ ಸಾಕು.